ಹೆಲಿಕಾಪ್ಟರ್ ಅಲ್ಲಮ್ಮಾ, ಗ್ರಾಫಿಕ್ಸ್ ಕಾರ್ಡು

ಕಂಪ್ಯೂಟರಿನೊಳಗೆ ಗೇಮಿನ ಚಿತ್ರ ಬಿಡಿಸುವ ನನ್ನ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ? ಅಮ್ಮನನ್ನು ಕೇಳಿದರೆ, ನಾನು ಗೇಮ್ ಶುರು ಮಾಡಿದ ತಕ್ಷಣ ತಾರಸಿ ಮೇಲೆ ಹೆಲಿಕಾಪ್ಟರ್ ಇಳಿಯುತ್ತದೆ. ಕಾರ್ಡ್ ಬಂದ ಡಬ್ಬದ ಮೇಲೆ '0 ಡೆಸಿಬೆಲ್' ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಕೆಳಗಿನ ಮನೆ ಅಂಕಲ್ ಅಂತೂ ಲಿಫ್ಟಿನಲ್ಲಿ ಸಿಕ್ಕಾಗ, "ಬೋರ್‌ವೆಲ್ ಕೊರೆಸ್ತಿದ್ದೀರಂತೆ, ನೀರು ಬಿತ್ತಾ?" ಎಂದರು.

ಇತ್ಯರ್ಥ ಆಗಲಿ ಎಂದು ಮೊಬೈಲಿಗೆ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಅದರ ಲೆಕ್ಕ ಪಕ್ಕಾ ಅಲ್ಲ. ಆದರೆ ಎರಡು ಸದ್ದು ಹೋಲಿಸೋಕೆ ಸಾಕು. ಗೇಮ್ ಓಡುವಾಗ ಕಂಪ್ಯೂಟರ್‌ನಿಂದ ಒಂದು ಮೊಳ ದೂರದಲ್ಲಿ ಹಿಡಿದೆ: 46. ಅಷ್ಟರಲ್ಲಿ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದಳು. ಓಡಿ ಹೋಗಿ ಅಲ್ಲೂ ಒಂದು ಮೊಳ ದೂರದಲ್ಲಿ ಹಿಡಿದೆ: 84.

ಡೆಸಿಬೆಲ್ ಲೆಕ್ಕ ತರಕಾರಿ ತೂಕದ ಹಾಗಲ್ಲ. 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ಅಂದರೆ ಮಿಕ್ಸಿ ನನ್ನ ಕಾರ್ಡಿಗಿಂತ ಹದಿನಾಲ್ಕು ಪಟ್ಟು ಜೋರು! ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ.

"ಮಿಕ್ಸಿಯಿಂದ ಚಟ್ನಿ ಬರುತ್ತೆ. ನಿನ್ನ ಡಬ್ಬದಿಂದ ಏನು ಬರುತ್ತೆ?"

ಇದಕ್ಕೆ ಆ್ಯಪ್ ಹತ್ತಿರವೂ ಉತ್ತರ ಇಲ್ಲ.

ಕಾರ್ಡ್ ಬಂದ ಡಬ್ಬದ ಮೇಲಿನ '0 ಡೆಸಿಬೆಲ್' ಮಾತು ಪೂರ್ತಿ ಸುಳ್ಳಲ್ಲ. ಕಾರ್ಡ್ ತಣ್ಣಗಿದ್ದಾಗ ಫ್ಯಾನ್ ನಿಂತೇ ಬಿಡುತ್ತದೆ, ಈಗಿನ ಎಷ್ಟೋ ಕಾರ್ಡುಗಳು ಹಾಗೇ. ನಾನು ಎಕ್ಸೆಲ್ ತೆರೆದು ಕೂತರೆ ಸದ್ದೇ ಇಲ್ಲ. ಎಕ್ಸೆಲ್‌ಗೆ ಅಂತ ಅಷ್ಟು ದುಡ್ಡು ಕೊಟ್ಟು ಗ್ರಾಫಿಕ್ಸ್ ಕಾರ್ಡ್ ಯಾರು ತಗೋತಾರೆ, ಅದು ಬೇರೆ ಮಾತು.

ನಿಜವಾಗಲೂ ಅಬ್ಬರಿಸಿದ ಕಾರ್ಡುಗಳೂ ಇದ್ದವು. 2003ರಲ್ಲಿ ಬಂದ ಎನ್ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾಗೆ ಜನ ವ್ಯಾಕ್ಯೂಮ್ ಕ್ಲೀನರ್ ಹೆಸರಿಟ್ಟಿದ್ದರು. ಕೊನೆಗೆ ಕಂಪನಿಯವರೇ ಒಂದು ತಮಾಷೆ ವಿಡಿಯೋ ಮಾಡಿ, ಅದೇ ಕಾರ್ಡಿನಿಂದ ತರಗೆಲೆ ಊದಿಸಿ ತಮ್ಮನ್ನು ತಾವೇ ಆಡಿಕೊಂಡರು. ಅದರ ಮುಂದೆ ನನ್ನದು ಪಾಪದ್ದು.

ಇನ್ನೊಂದು 'ಕೀಂ' ಸದ್ದಿದೆ, ಗೇಮಿನ ಮೆನು ತೆರೆದಾಗ ಜಾಸ್ತಿ. ಅದು ಫ್ಯಾನೇ ಅಲ್ಲ. ಕಾರ್ಡಿನೊಳಗಿನ ತಂತಿ ಸುರುಳಿಗಳು ಕರೆಂಟಿಗೆ ನಡುಗುವ ಸದ್ದು. ಮೆನುವಿನಲ್ಲಿ ಕೆಲಸ ಕಮ್ಮಿ, ಹಾಗಾಗಿ ಕಾರ್ಡ್ ಸೆಕೆಂಡಿಗೆ ನೂರಾರು ಚಿತ್ರ ಬಿಡಿಸುತ್ತಾ ಕೂರುತ್ತದೆ. 60 ಸಾಕಪ್ಪಾ ಅಂತ ಸೆಟ್ಟಿಂಗ್‌ನಲ್ಲಿ ಮಿತಿ ಹಾಕಿದೆ, ಸುಮ್ಮನಾಯಿತು.

ಹಾಗಾದರೆ ಅಮ್ಮನಿಗೆ ಕಿರಿಕಿರಿ ಯಾತಕ್ಕೆ? ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಬಿಸಿ ಗಡಿ ದಾಟಿದ ಕೂಡಲೇ ಫ್ಯಾನ್ 'ಭರ್' ಅಂತ ಏಳುತ್ತದೆ, ಅರೆಗಳಿಗೆಯಲ್ಲಿ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಕಿವಿ ಮರೆತುಬಿಡುತ್ತದೆ. ಎದ್ದು ಬಿದ್ದು ಬರುವುದನ್ನು ಮರೆಯಲ್ಲ. ಅದಕ್ಕೆ ಫ್ಯಾನ್ ನಿಲ್ಲಲೇಬಾರದು, ಯಾವಾಗಲೂ ನಿಧಾನಕ್ಕೆ ತಿರುಗುತ್ತಿರಲಿ ಅಂತ ಸೆಟ್ಟಿಂಗ್ ಬದಲಿಸಿದೆ. ಈಗ ಎಕ್ಸೆಲ್ ತೆರೆದಾಗಲೂ ಸದ್ದಿದೆ. ಆ್ಯಪಿನಲ್ಲಿ ಅಂಕಿ ಮೊದಲಿಗಿಂತ ಜಾಸ್ತಿ.

ಮಾರನೇ ದಿನ ಅಮ್ಮ ಕಾಫಿ ಕೊಡುತ್ತಾ, "ಸದ್ದೇ ಇಲ್ವಲ್ಲೋ. ರಿಪೇರಿಗೆ ಎಷ್ಟು ಕೊಟ್ಟೆ?" ಅಂದಳು.

ಪುಕ್ಕಟೆ ಅಂದರೆ ನಂಬುವವಳಲ್ಲ. ಐನೂರು ಅಂದೆ.

"ಜಾಸ್ತಿ ಆಯ್ತು."