‘ಹುಷಾರಿಲ್ಲ’ ತಪ್ಪು ಕನ್ನಡವೇ?

“ಹುಷಾರು ಎಂದರೆ ಎಚ್ಚರ. ‘ಹುಷಾರಿಲ್ಲ’ ಎಂದರೆ ಪ್ರಜ್ಞೆ ಇಲ್ಲ ಎಂದರ್ಥ. ಕಾಯಿಲೆಗೆ ಹಾಗೆನ್ನುವುದು ತಪ್ಪು” ಎಂಬ ವಾಟ್ಸಾಪ್ ಸಂದೇಶವೊಂದಿದೆ.

ಮೊದಲ ಮಾತು ಸರಿ. ಪಾರಸಿಯಲ್ಲಿ ‘ಹೋಶ್’ ಎಂದರೆ ಪ್ರಜ್ಞೆ, ಬುದ್ಧಿ. ‘ಹೋಶಿಯಾರ್’ ಎಂದರೆ ಅದುಳ್ಳವನು. ಬಹಮನಿ, ಆದಿಲಶಾಹಿಗಳ ಕಾಲದಲ್ಲಿ ಪಾರಸಿ ಆಡಳಿತದ ಭಾಷೆಯಾಗಿತ್ತು. ಜಮೀನು, ದರ್ಖಾಸ್ತು, ದರ್ಬಾರು ಎಲ್ಲವೂ ಆ ಭಾಷೆಯಿಂದಲೇ ಬಂದವು.

ಎಡವಿರುವುದು ಮುಂದಿನ ಮಾತಿನಲ್ಲಿ. ಪದ ಹುಟ್ಟಿದ ಮನೆಯ ಅರ್ಥದಲ್ಲೇ ಕೊನೆತನಕ ಇರಬೇಕೆಂಬ ನಿಯಮವಿಲ್ಲ. ಮರಾಠಿಯ ‘ಹುಶಾರ್’ ಜಾಣ; ತೆಲುಗಿನ ‘ಹುಷಾರು’ ಲವಲವಿಕೆ. ಕನ್ನಡದಲ್ಲಂತೂ ಅದಕ್ಕೆ ಮೂರು ಕೆಲಸ: “ಹುಡುಗ ಲೆಕ್ಕದಲ್ಲಿ ಹುಷಾರು”, “ಮಳೆ ಇದೆ, ಹುಷಾರಾಗಿ ಹೋಗು”, “ಅಜ್ಜಿ ಈಗ ಹುಷಾರಾದರು”. ಮೈ ಚುರುಕಾಗಿದ್ದರೆ ಹುಷಾರು, ಜ್ವರದಲ್ಲಿ ಮಂಕಾದರೆ ಹುಷಾರಿಲ್ಲ. ಅರ್ಥ ಜಾರಿದ ದಾರಿ ಅಷ್ಟೇನೂ ದೂರದ್ದಲ್ಲ.

ಧಾರವಾಡದ ಕಡೆಯವರು “ಆರಾಮಿಲ್ರೀ” ಅನ್ನುತ್ತಾರೆ. ನೆಮ್ಮದಿ, ವಿಶ್ರಾಂತಿ ಎಂಬ ಅರ್ಥದ ಆ ‘ಆರಾಮ’ವೂ ಪಾರಸಿಯದೇ. (ಸಂಸ್ಕೃತದ ‘ಆರಾಮ’ ಬೇರೆ, ಅದು ಉದ್ಯಾನ.) ಅದನ್ನು ತಿದ್ದುವ ಸಂದೇಶ ಮಾತ್ರ ನನಗಿನ್ನೂ ಬಂದಿಲ್ಲ.

ರಜೆ ಚೀಟಿಯಲ್ಲಿ ‘ಹುಷಾರಿಲ್ಲ’ ಎಂದು ಧಾರಾಳವಾಗಿ ಬರೆಯಿರಿ.