ರೇಷನ್ ಅಕ್ಕ್ಯಾಗಿನ "ಪ್ಲಾಸ್ಟಿಕ್" ಕಾಳು

ರೇಷನ್ ಅಕ್ಕ್ಯಾಗ ಪ್ಲಾಸ್ಟಿಕ್ ಬಂದೈತಿ ಅನ್ನೋ ವಿಡಿಯೋ ಮತ್ತ ನಮ್ಮ ಗಂಗಾವತಿ ಕಡಿ ಗ್ರೂಪ್‌ಗಳಾಗ ಓಡಾಡಾಕತ್ತೈತಿ. ಒಬ್ಬಾತ ನಾಕು ಕಾಳು ಆರಿಸಿ ಲೈಟರ್ ಹಿಡಿದು ಸುಡ್ತಾನ, ಕರ್ರಗಾತು ನೋಡ್ರಿ ಅಂತಾನ. ಅಲ್ಲೋ ಮಾರಾಯ, ಯಾವ ಅಕ್ಕಿ ಸುಟ್ರೂ ಕರ್ರಗನ ಆಗತೈತಿ, ನಿಮ್ಮ ಮನಿ ಸೋನಾ ಮಸೂರಿ ಸುಟ್ಟು ನೋಡು ಬೇಕಾದ್ರ.

ಆದ್ರ ನಿಜ ಹೇಳ್ಬೇಕಂದ್ರ ಆ ಹುಡುಗನ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ. ಊರಿಗೆಲ್ಲಾ ಅಕ್ಕಿ ಬೆಳದು ಕೊಡೋ ಮಂದಿ ನಾವು, ಕಾಳು ನೋಡಿದ್ರ ಹೊಸದೋ ಹಳೇದೋ ಅಂತ ಹೇಳ್ತೀವಿ, ಅಂಥಾ ಊರಾಗ ಅಕ್ಕ್ಯಾಗ ಬ್ಯಾರೆ ಥರದ ಕಾಳು ಕಲಸಿ ಕೊಟ್ರ ಮಂದಿಗೆ ಗೊತ್ತಾಗಂಗಿಲ್ಲೇನು? ನಮ್ಮವ್ವ ಮೊರದಾಗ ಹಾಕ್ಕೊಂಡು ಹಸನ ಮಾಡೋವಾಗ ಅವನ್ನ ಒಂದೊಂದ ಹೆಕ್ಕಿ ಬಾಜೂಕ್ಕ ಇಡ್ತಾಳ. ಚೂರು ಹಳದಿ ಬಣ್ಣ, ಹೊಳಪಿಲ್ಲ, ತೊಳೆಯೋವಾಗ ಕೆಲವು ನೀರಿನ ಮ್ಯಾಲ ತೇಲ್ತಾವ. ಸಂಶಯ ಬರೋದು ಸಹಜ ಐತಲ್ರೀ.

ಅದು ಪ್ಲಾಸ್ಟಿಕ್ ಅಲ್ಲ, ಫೋರ್ಟಿಫೈಡ್ (ಪೋಷಕಾಂಶ ಕಲಸಿದ) ಅಕ್ಕಿ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ವಿಟಮಿನ್ ಬಿ12 ಕಲಸಿ ಶಾವಿಗಿ ಒತ್ತಿದಂಗ ಮಷೀನಿನ್ಯಾಗ ಒತ್ತಿ ಅಕ್ಕಿ ಆಕಾರಕ್ಕ ಕತ್ತರಿಸಿರ್ತಾರ. ಆಮೇಲೆ ಮಿಲ್ಲಿನ್ಯಾಗ ಒಂದು ಕಿಲೋ ಅಕ್ಕಿಗೆ 10 ಗ್ರಾಂ ಲೆಕ್ಕದಾಗ ಕಲಸ್ತಾರ. ಒಂದು ಕಿಲೋದಾಗ ಕಬ್ಬಿಣ 28ರಿಂದ 42.5 ಮಿಲಿಗ್ರಾಂ ಇರ್ಬೇಕಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ರೂಲ್ಸು ಐತಿ. 2021ರ ಆಗಸ್ಟ್ 15ಕ್ಕ ಪ್ರಧಾನಿ ಕೆಂಪುಕೋಟೆಯಿಂದ ಹೇಳಿದ್ರು, 2024ರ ಮಾರ್ಚ್ ಹೊತ್ತಿಗೆ ಸರ್ಕಾರದ ಎಲ್ಲಾ ಸ್ಕೀಮಿನ್ಯಾಗೂ, ಸಾಲಿ ಬಿಸಿಯೂಟದಾಗೂ ಇದನ ಬಂತು. ದೇಶದಾಗ ಅರ್ಧಕ್ಕಿಂತ ಜಾಸ್ತಿ ಹೆಣ್ಮಕ್ಕಳಿಗೆ ರಕ್ತ ಕಮ್ಮಿ ಐತಿ, 15ರಿಂದ 49 ವಯಸ್ಸಿನೋರಾಗ 57 ಪರ್ಸೆಂಟ್ ಅಂತ ಸರ್ಕಾರದ್ದ ಸರ್ವೆ ಹೇಳ್ತದ. ಹಂಗಾಗಿ ನಾ ಇದಕ್ಕ ವಿರೋಧ ಅಲ್ಲ. ನಮ್ಮ ಮನ್ಯಾಗ ಉಣ್ತೀವಿ.

ನನ್ನ ತಕರಾರು ಬ್ಯಾರೆ ಐತಿ. 2018ರ ರೂಲ್ಸಿನ್ಯಾಗ ಕಬ್ಬಿಣ ಹಾಕಿದ ಆಹಾರದ ಪಾಕೀಟಿನ ಮ್ಯಾಲ ಥಲಸ್ಸೇಮಿಯಾ (ಹುಟ್ಟಿನಿಂದ ಬರೋ ರಕ್ತದ ರೋಗ) ಇದ್ದೋರು ಡಾಕ್ಟರ್‌ನ್ನ ಕೇಳಿ ತಿನ್ರಿ ಅಂತ ಎಚ್ಚರಿಕಿ ಬರೀಬೇಕಿತ್ತು. 2024ರಾಗ ಅಕ್ಕಿಗೆ ಅದನ್ನ ತಗದ್ರು. ಆ ಪೇಷಂಟುಗಳು ರಕ್ತ ಹಾಕಿಸ್ಕೊಳ್ಳೋವಾಗ ಮೈಯಾಗ ಸೇರೋ ಕಬ್ಬಿಣದ ಮುಂದ ಅಕ್ಕ್ಯಾಗಿಂದು ಏನೂ ಅಲ್ಲ ಅಂತ ಸರ್ಕಾರದ ಕಮಿಟಿ ಹೇಳೇತಿ. ಇರಬಹುದು, ಡಾಕ್ಟರುಗಳಿಗೆ ಗೊತ್ತು. ಆದ್ರ ಈ ಎಚ್ಚರಿಕಿ ಇಟ್ಟಾರೋ ತಗದಾರೋ ಅಂತ ದಿಲ್ಲಿಯಾಗ ಜಗಳ ಆಡೋ ಎರಡೂ ಕಡಿಯೋರು ಒಮ್ಮೆ ರೇಷನ್ ಅಂಗಡಿಗೆ ಬಂದು ಪಾಳಿ ಹಚ್ಚಬೇಕು. ಅಲ್ಲಿ ಪಾಕೀಟ್ ಎಲ್ಲೈತ್ರೀ? ಥಂಬ್ ಕೊಡ್ತೀವಿ, ಆತ 50 ಕಿಲೋ ಚೀಲ ಬಿಚ್ಚಿ ತಕ್ಕಡಿಗೆ ಸುರುವ್ತಾನ, ನಾವು ನಮ್ಮ ಗೊಬ್ಬರದ ಚೀಲದಾಗ ತುಂಬ್ಕೊಂಡು ಬರ್ತೀವಿ. ಏನು ಬರದಿದ್ರೂ ಅದು ಅಂಗಡಿಯೋನ ಖಾಲಿ ಚೀಲದ ಮ್ಯಾಲನ ಉಳೀತದ! ಚೀಲದ ಮ್ಯಾಲ ನೀಲಿ ಬಣ್ಣದ ಪ್ಲಸ್ ಎಫ್ (+F) ಗುರ್ತು ಐತಂತ ನಮ್ಮ ಓಣ್ಯಾಗ ಎಷ್ಟು ಮಂದಿಗೆ ಗೊತ್ತು ಕೇಳ್ರಿ.

ಇನ್ನೊಂದು ಮಾತು. ನಮ್ಮ ದೇಶದಾಗ ಮೊದಲು ಯಾರೂ ತಿಂದು ಗೊತ್ತಿಲ್ಲದ ಪದಾರ್ಥ ಯಾವುದರ ಕಂಪನಿಯೋರು ಮಾರಾಕ ತಂದ್ರ ಅದಕ್ಕ 2017ರಿಂದ ಬ್ಯಾರೆ ರೂಲ್ಸ್ ಐತಿ, ಬ್ಯಾರೆ ಯಾವ ದೇಶದಾಗ ತಿಂತಾರ, ಟೆಸ್ಟಿನ್ಯಾಗ ಏನು ಬಂತು ಅಂತ ಎಲ್ಲಾ ಕಾಗದ ಕೊಟ್ಟು ಪರ್ಮಿಷನ್ ತಗೋಬೇಕು. ಚಲೋ. ಆದ್ರ ಆ ಕಾಗದ ಫೈಲಿನ್ಯಾಗ ಇರ್ತದ, ತಿನ್ನೋನ ಕೈಗೆ ಬರಂಗಿಲ್ಲ. ಕೊಂಡು ತಿನ್ನೋನಿಗರ ಬ್ಯಾಡಂತ ಬಿಡೋ ದಾರಿ ಐತಿ, ರೇಷನ್ ಮ್ಯಾಲ ಇರೋ ಮನಿಗೆ ಅದೂ ಇಲ್ಲ. ಅದಕ್ಕ ಅವರಿಗೆ ಡಬಲ್ ತಿಳಿಸಿ ಹೇಳ್ಬೇಕಾಗಿತ್ತು.

ನಮ್ಮ ಮಂದಿದೂ ಒಂದು ಕಥಿ ಐತಿ ಬಿಡ್ರಿ. ಈ ಕಾಳು ಹೆಕ್ಕಿ ಚೆಲ್ಲೋರ ಸಂಜಿಕ್ಕ ಬಂಡಿ ಮುಂದ ನಿಂತು ಕೆಂಪಗ ಹೊಳಿಯೋ ಗೋಬಿ ತಿಂತಾರ, 2024ರಾಗ ನಮ್ಮ ರಾಜ್ಯ ಸರ್ಕಾರ ಅದರಾಗಿನ ಬಣ್ಣ ಬಂದ್ ಮಾಡಿದ್ರೂ "ಅಣ್ಣಾ ಕಲರ್ ಹಾಕು" ಅಂತ ಕೇಳಿ ಹಾಕಿಸ್ಕೊಳ್ಳೋರನ್ನ ನಾ ನೋಡೀನಿ. ಸಕ್ಕರಿ ಕಾಯಿಲಿ ಹೋಗ್ತದಂತ ವಾಟ್ಸಾಪ್‌ನ್ಯಾಗ ಬಂದ ಪುಡಿ ತರಿಸಿ ಕುಡೀತಾರ, ಅದಕ್ಕ ಲೈಸೆನ್ಸ್ ನಂಬರ್ ಐತೇನು ಅಂತ ಒಬ್ಬರೂ ಡಬ್ಬಿ ತಿರುಗಿಸಿ ನೋಡಂಗಿಲ್ಲ.

ನಾ ಕೇಳೋದು ಭಾಳ ದೊಡ್ಡದಲ್ಲ. ಒಂದೊಂದು ರೇಷನ್ ಅಂಗಡ್ಯಾಗ ಕನ್ನಡದಾಗ ಒಂದು ಬೋರ್ಡು, ಬಾಜೂಕ್ಕ ಒಂದು ಗಾಜಿನ ಬಾಟ್ಲಿಯಾಗ ಬರೇ ಆ ಕಾಳು ಹಾಕಿಡ್ಲಿ, ಇದು ಇಂಥಾದ್ದು, ಹೆಕ್ಕಬ್ಯಾಡ್ರಿ, ಗಂಜಿ ಬಸಿದು ಚೆಲ್ಲಬ್ಯಾಡ್ರಿ, ಥಲಸ್ಸೇಮಿಯಾ, ಸಿಕಲ್ ಸೆಲ್ (ಇದೂ ರಕ್ತದ ರೋಗ) ಇದ್ದೋರು ಒಂದ್ ಮಾತು ಡಾಕ್ಟರ್‌ನ್ನ ಕೇಳ್ರಿ ಅಂತ. ಓದಾಕ ಬರದೋರಿಗೆ ಅಂಗನವಾಡಿ ಅಕ್ಕಾರು, ಆಶಾ ಅಕ್ಕಾರು ಹೇಳ್ತಾರ, ಅವರ ಮಾತನ್ನ ನಮ್ಮ ಅವ್ವಂದಿರು ನಂಬ್ತಾರ. ನಿಮ್ಮೂರಾಗ ಯಾವುದರ ಅಂಗಡ್ಯಾಗ ಇಂಥಾ ಬೋರ್ಡ್ ಈಗಾಗಲೇ ಇದ್ರ ಫೋಟೋ ಹಾಕ್ರಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡಿಯೋರೂ ನೋಡಿ ಹೇಳ್ರಿ.