ಎಲೆಯನ್ನೇ ಮರೆತಿರಲ್ಲ!

ಅರಸಿನದ ಉಪಯೋಗಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಅರಸಿನ ಹಾಲು, ಮುಖಕ್ಕೆ ಹಚ್ಚುವುದು, ಕೆಮ್ಮಿಗೆ ಕಷಾಯ ಎಲ್ಲಾ ಬಂತು. ಎಲೆಯ ಸುದ್ದಿಯೇ ಇಲ್ಲ! ನಾವು ಉಡುಪಿಯವರು ಇದನ್ನು ಹೇಗೆ ಬಿಡುವುದು? ನಾಗರ ಪಂಚಮಿಗೆ ಅರಸಿನ ಎಲೆಯ ಮೇಲೆ ಅಕ್ಕಿ ಹಿಟ್ಟು ತೆಳ್ಳಗೆ ಸವರಿ, ಬೆಲ್ಲ ತೆಂಗಿನಕಾಯಿ ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುತ್ತೇವೆ. ಕೊಂಕಣಿಯವರು ಪತ್ತೋಳಿ ಅನ್ನುತ್ತಾರೆ. ಮುಚ್ಚಳ ತೆಗೆದರೆ ಪಕ್ಕದ ಮನೆಗೂ ಪರಿಮಳ. ನಮ್ಮ ಬಾವಿಕಟ್ಟೆ ಹತ್ತಿರ ನಾಲ್ಕು ಬುಡ ಇದೆ, ಗೆಡ್ಡೆಗಿಂತ ಎಲೆಗೇ ಬೇಡಿಕೆ ಜಾಸ್ತಿ.

ಅರಸಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಂಶ ನೀರಲ್ಲಿ ಕರಗುವುದಿಲ್ಲ, ಮೈಗೆ ಹಿಡಿಯುವುದೂ ಕಡಿಮೆ. ಜೊತೆಗೆ ಕಾಳುಮೆಣಸಿನ ಸತ್ವ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ತೋರಿಸಿದ್ದರು. ನಮ್ಮ ಅಜ್ಜಿ ಕಷಾಯಕ್ಕೆ ಮೆಣಸು ಜಜ್ಜಿ ಹಾಕುತ್ತಿದ್ದದ್ದು ಅದಕ್ಕೇ ಅಂತ ಹೇಳಲಾರೆ. ಅವರಿಗೆ ಗಂಟಲು ಬಿಸಿಯಾದರೆ ಸಾಕಿತ್ತು!

ಆದರೆ ಲೇಖನದಲ್ಲಿ ಅರಸಿನ "ಎಲ್ಲಾ ಕಾಯಿಲೆಗೂ ಮದ್ದು" ಅಂದದ್ದು ಅತಿಯಾಯಿತು. ನಮ್ಮ ಮಾವ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು. ಯಾರದೋ ಮಾತು ಕೇಳಿ ಕರ್ಕ್ಯುಮಿನ್ ಮಾತ್ರೆಯನ್ನೂ ಶುರು ಮಾಡಿದ್ದರು. ರಕ್ತಸ್ರಾವ ಆದೀತು ಅಂತ ಡಾಕ್ಟರ್ ಬೈದು ನಿಲ್ಲಿಸಿದರು. ಸಾರಿಗೆ ಚಿಟಿಕೆ ಹುಡಿ, ಕಾಯಿಸುವ ಬಂಗುಡೆಗೆ ಸ್ವಲ್ಪ, ಅದಕ್ಕೆ ಯಾರು ಬೇಡ ಅಂತಾರೆ?

ಮಂಗಳೂರಲ್ಲಿ ಫ್ಲಾಟಿನಲ್ಲಿ ಇರುವವರೂ ಚಿಂತೆ ಮಾಡಬೇಡಿ. ಪಂಚಮಿಯ ಹಿಂದಿನ ದಿನ ಮಾರ್ಕೆಟಿನಲ್ಲಿ ಎಲೆ ಕಟ್ಟು ಕಟ್ಟಿ ಮಾರುತ್ತಾರೆ. ಬೆಳಿಗ್ಗೆ ಬೇಗ ಹೋಗಿ.